ಬೆಟ್ಟದ ತಿರುವಿನಲ್ಲಿ ಸುಟ್ಟ ವಾಸನೆ

ಬೆಟ್ಟದಾಚೆ ಸುರಂಗ ಕೊರೆಯುವವರ ಬಿಡಾರದಲ್ಲಿ ಅಡುಗೆಯವನಿಗೆ ಹಾವು ಕಚ್ಚಿತ್ತು. ಅಲ್ಲಿ ಡಾಕ್ಟರಿದ್ದರು, ಔಷಧಿ ಇರಲಿಲ್ಲ. ಔಷಧಿ ಇದ್ದದ್ದು ಬೆಟ್ಟದ ಈಚೆಯ ಆಸ್ಪತ್ರೆಯಲ್ಲಿ. ಅಲ್ಲಿನ ಆಂಬುಲೆನ್ಸ್ ಇನ್ನೆಲ್ಲಿಗೋ ಹೋಗಿತ್ತು. ಆಸ್ಪತ್ರೆಯ ನರ್ಸ್ ಔಷಧಿಯಿಟ್ಟ ಐಸ್ ಪೆಟ್ಟಿಗೆಯನ್ನು ಎದೆಗವಚಿಕೊಂಡು ಮನೆಗೆ ಬಂದು ಸೊಸೆಯ ಮುಂದೆ ನಿಂತರು.

"ಕಾರು ತೆಗೀತೀಯಾ?"

ಕಾರು ನರ್ಸಿನ ಮಗನದು. ಅವನು ತೀರಿಕೊಂಡ ಮೇಲೆ ಅದು ಮಾರುಕಟ್ಟೆ ದಾಟಿ ಆಚೆ ಹೋಗಿರಲಿಲ್ಲ.

"ತೆಗೀತೀನಿ ಅತ್ತೆ," ಎಂದಳು ಸೊಸೆ. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಈಚೆಗೆ ಅವಳಿಗೆ ಏನೂ ಆಗುತ್ತಿರಲಿಲ್ಲ. ಊಟವೆಂದರೆ ಒಂದೋ ಬಿಸಿ, ಇಲ್ಲವೇ ತಣ್ಣಗೆ. ರುಚಿ, ವಾಸನೆ ಎರಡೂ ಅವಳನ್ನು ಬಿಟ್ಟು ಹೋಗಿದ್ದವು.

ನಾದಿನಿ ಬ್ಯೂಟಿ ಪಾರ್ಲರಿನ ಬಾಗಿಲೆಳೆದು ಬಂದು ಹಿಂದಿನ ಸೀಟು ಹತ್ತಿದಳು. "ತಳ್ಳೋಕಾದ್ರೂ ಒಬ್ಬರು ಬೇಡವಾ ಅತ್ತಿಗೆ?"

ಊರು ಮುಗಿದ ಕೂಡಲೇ ರಸ್ತೆ ಕಾಡಿಗೆ ನುಗ್ಗಿತು. ಎರಡೂ ಕಡೆ ಮರಗಳು ಒತ್ತೊತ್ತಾಗಿ ನಿಂತು ಬೆಳಕನ್ನು ಸೋಸಿ ಸೋಸಿ ಕೆಳಗೆ ಬಿಡುತ್ತಿದ್ದವು. ಮೇಲೆ ಹೋದಂತೆ ಮರಗಳು ಕುಳ್ಳಗಾದವು, ಆಮೇಲೆ ಪೊದೆಗಳಾದವು, ಕೊನೆಗೆ ಬರೀ ಬಂಡೆ. ಎಡಕ್ಕೆ ಬೆಟ್ಟದ ಗೋಡೆ, ಬಲಕ್ಕೆ ಪ್ರಪಾತ. ಪ್ರಪಾತದ ತುಂಬ ಮಂಜು. ತಳವೇ ಇಲ್ಲವೇನೋ ಎನ್ನುವಂತೆ ಅದು ಸುಮ್ಮನೆ ಕೂತಿತ್ತು. ಸೊಸೆ ಎರಡನೇ ಗೇರಿನಲ್ಲಿ ಕಾರನ್ನು ತಿರುವಿನಿಂದ ತಿರುವಿಗೆ ಎಳೆದಳು.

"ಏನೋ ಸುಡ್ತಿದೆ," ಎಂದಳು ನಾದಿನಿ.

ಸೊಸೆ ಉಸಿರೆಳೆದಳು. ಏನೂ ಗೊತ್ತಾಗಲಿಲ್ಲ.

ಹ್ಯಾಂಡ್‌ಬ್ರೇಕ್ ಮುಟ್ಟಿ ನೋಡಿದಳು. ಪೂರ್ತಿ ಕೆಳಗಿತ್ತು. ಇಂಜಿನ್ ಶಾಖದ ಮುಳ್ಳು ಏರಿರಲಿಲ್ಲ.

"ನಿಲ್ಲಿಸಬೇಡ," ಎಂದರು ಅತ್ತೆ. "ಅಲ್ಲಿ ಅವನಿಗೆ ಕಣ್ಣುರೆಪ್ಪೆ ಎತ್ತೋಕಾಗ್ತಿಲ್ವಂತೆ. ಮುಂದೆ ಉಸಿರೇ ನಿಲ್ಲುತ್ತೆ."

ಸೊಸೆ ಹೀಟರ್ ಆರಿಸಿದಳು. "ಈಗ?"

"ಕಮ್ಮಿ," ಎಂದಳು ನಾದಿನಿ.

ಮತ್ತೆ ಹಾಕಿದಳು. "ಈಗ?"

ನಾದಿನಿ ಕೆಮ್ಮಿದಳು. "ಸಾಯಿಸ್ತೀಯಾ?"

"ಹಾಗಾದ್ರೆ ಚಕ್ರದ್ದಲ್ಲ. ಇಂಜಿನ್ ಕಡೆಯಿಂದ ಗಾಳಿ ಜೊತೆ ಒಳಗೆ ಬರ್ತಿದೆ. ಎಂಥ ವಾಸನೆ ಹೇಳು. ರಬ್ಬರಾ? ವೈರಾ?"

"ಎರಡೂ ಅಲ್ಲ. ಕೂದಲು! ಹರಟೆ ಹೊಡೀತಾ ಬಿಸಿ ಇಕ್ಕಳ ತಲೆ ಮೇಲೇ ಬಿಟ್ರೆ ಬರುತ್ತಲ್ಲ, ಅದೇ. ಇದೇ ವಾಸನೆಗೆ ನನ್ನ ಒಬ್ಬ ಗಿರಾಕಿ ಓಡಿಹೋದಳು."

"ಕಾರಿಗೆಲ್ಲಿಯ ಕೂದಲೇ, ಮಂಕೇ!" ಅತ್ತೆ ಗದರಿದರು. ಮರುಕ್ಷಣ ಅವರ ಮುಖ ಬಿಳಿಚಿತು. "ಉಣ್ಣೆ," ಎಂದರು. "ನಿಲ್ಲಿಸು. ನಿಲ್ಲಿಸು ಅಂದೆ!"

ಚಳಿ ಬಿದ್ದ ರಾತ್ರಿ ಇಂಜಿನ್ನಿಗೆ ಕಂಬಳಿ ಹೊದಿಸುವುದು ಆ ಮನೆಯ ರೂಢಿ. ರಾತ್ರಿ ಹೊದಿಸುವುದು ತಾಯಿ, ಬೆಳಿಗ್ಗೆ ತೆಗೆಯುವುದು ಮಗ. ನಿನ್ನೆ ಈ ವರ್ಷದ ಮೊದಲ ಚಳಿ. ತಾಯಿ ತಮ್ಮ ಪಾಲಿನ ಕೆಲಸ ಮಾಡಿದ್ದರು.

ತಿರುವಿನಲ್ಲಿ ತುಸು ಅಗಲ ಜಾಗ ಸಿಕ್ಕಿತು. ಸೊಸೆ ಕಾರು ನಿಲ್ಲಿಸಿ ಇಂಜಿನ್ ಆರಿಸಿದಳು. ಬಾನೆಟ್ಟಿನ ಅಂಚಿನಿಂದ ಹೊಗೆ ಎಳೆ ಎಳೆಯಾಗಿ ಹೊರಟಿತು.

"ಪೆಟ್ಟಿಗೆ ತಗೊಂಡು ದೂರ ಹೋಗಿ ಅತ್ತೆ! ಚಕ್ರಕ್ಕೆ ಕಲ್ಲು ಕೊಡೇ!"

ನಾದಿನಿ ಕಲ್ಲು ಉರುಳಿಸಿದಳು. ಬಾನೆಟ್ ಪೂರ್ತಿ ತೆಗೆದರೆ ಗಾಳಿ ನುಗ್ಗಿ ಬೆಂಕಿ ಏಳುತ್ತದೆ. ಸೊಸೆ ಒಂದು ಗೇಣು ಎತ್ತಿ ಒಳಗೆ ಇಣುಕಿದಳು. ಕಂಬಳಿಯ ಮೂಲೆ ಜಾರಿ ಹೊಗೆಕೊಳವೆಯ ಮೇಲೆ ಬಿದ್ದಿತ್ತು. ಅಂಚು ಕೆಂಪಗೆ ಕನಲುತ್ತಿತ್ತು.

"ನೀರು ಹುಯ್ಯಲಾ?"

"ಬೇಡ! ಕಾದ ಇಂಜಿನ್, ಬಿರುಕು ಬಿಡುತ್ತೆ. ಕೊಡೆ ಕೊಡು!"

ಕೊಡೆಯ ಕೊಕ್ಕೆ ಸಿಕ್ಕಿಸಿ ಎಳೆದಳು. ಬರಲಿಲ್ಲ.

ಕಾಲು ಕೊಟ್ಟು ಮತ್ತೆ ಎಳೆದಳು. ಕಂಬಳಿ ಧೊಪ್ಪನೆ ರಸ್ತೆಗೆ ಬಿತ್ತು. ಬಿದ್ದದ್ದೇ ತಡ, ಅಂಚು ಭಗ್ಗೆಂದಿತು.

ಇಬ್ಬರೂ ತುಳಿದರು. ಕುಡಿಯುವ ನೀರಿನ ಕ್ಯಾನು ಪೂರ್ತಿ ಅದರ ಮೇಲೆ ಖಾಲಿಯಾಯಿತು. ಚುಂಯ್ ಎಂದು ಹೊಗೆ ಎದ್ದು ಮಂಜಿನಲ್ಲಿ ಕಲೆತುಹೋಯಿತು.

ಈಗ ಸೊಸೆ ಬಾನೆಟ್ ಪೂರ್ತಿ ತೆರೆದಳು. ನೀರಿನ ಕೊಳವೆಗಳು ನೆಟ್ಟಗಿದ್ದವು. ಒಂದು ವೈರಿನ ಮೈ ಕರಗಿ ತಾಮ್ರ ಕಾಣುತ್ತಿತ್ತು. ಬ್ಯಾಟರಿಯ ತಂತಿ ಬಿಚ್ಚಿ ಕೈ ಚಾಚಿದಳು.

"ಅತ್ತೆ, ಪ್ಲಾಸ್ಟರ್."

ಅತ್ತೆ ತಾವೇ ಬಂದು ವೈರಿಗೆ ಗಾಯದ ಪಟ್ಟಿ ಸುತ್ತಿದರು. ಸುತ್ತು ಅಚ್ಚುಕಟ್ಟಾಗಿತ್ತು. ಅದು ಮತ್ತೆ ಬಿಸಿಗೆ ತಾಗದಂತೆ ನಾದಿನಿ ತನ್ನ ಹೇರ್‌ಬ್ಯಾಂಡ್ ಬಿಚ್ಚಿ ಬದಿಗೆ ಎಳೆದು ಕಟ್ಟಿದಳು.

"ನಾನೇ ಹೊದಿಸಿದ್ದೆ," ಎಂದರು ಅತ್ತೆ. "ತೆಗೀತಾನೆ ಅಂತ..."

ಪಟ್ಟಿಯ ತುದಿಯನ್ನು ಇನ್ನೊಮ್ಮೆ ಒತ್ತಿ ಕೂರಿಸಿದರು.

"ಹತ್ತಿ ಅತ್ತೆ. ಹೊತ್ತಾಯ್ತು."

ಕಂಬಳಿಯನ್ನು ಪ್ರಪಾತಕ್ಕೆ ಎಸೆಯಲು ನಾದಿನಿ ಎತ್ತಿಕೊಂಡಿದ್ದಳು. ಸೊಸೆ ಅದನ್ನು ಕಿತ್ತುಕೊಂಡು, ಎಲ್ಲಾದರೂ ಬಿಸಿ ಉಳಿದಿದೆಯೇ ಎಂದು ಇಂಚಿಂಚೂ ಮುಟ್ಟಿ ನೋಡಿ, ಡಿಕ್ಕಿಗೆ ಹಾಕಿದಳು. ಬ್ಯಾಟರಿ ಜೋಡಿಸಿ, ಬಾನೆಟ್ ಮುಚ್ಚಿ, ಕೀಲಿ ತಿರುಗಿಸಿದಳು. ಇಂಜಿನ್ ಕೆಮ್ಮಿತು, ಹತ್ತಿತು.

"ವಾಸನೆ?"

"ಹಳೇದು ಅಷ್ಟೇ," ಎಂದಳು ನಾದಿನಿ, ಕೆದರಿದ ಕೂದಲಲ್ಲಿ. "ಹೊಸದಿಲ್ಲ."

ಬಿಡಾರದ ಗೇಟಿನಲ್ಲಿ ಡಾಕ್ಟರು ನಿಂತೇ ಇದ್ದರು. ಅತ್ತೆ ಪೆಟ್ಟಿಗೆಯೊಂದಿಗೆ ಒಳಗೆ ಓಡಿದರು. ಸೊಸೆ ಹೊರಗೆ ಮರಳಿನ ರಾಶಿಯ ಮೇಲೆ ಕೂತಳು. ಬಿಸಿಲು ಸುರಂಗದ ಬಾಯಿ ದಾಟಿ ಗೋಡೆ ಏರುವ ಹೊತ್ತಿಗೆ ಒಳಗಿನಿಂದ ನಗು ಕೇಳಿಸಿತು. ಅಡುಗೆಯವನು ಕಣ್ಣು ಬಿಟ್ಟಿದ್ದ. ಬಿಟ್ಟವನೇ ಕೇಳಿದ್ದು, "ಒಲೆ ಮೇಲೆ ಅನ್ನ ಇಟ್ಟಿದ್ದೆ, ಯಾರಾದ್ರೂ ಇಳಿಸಿದ್ರೇನ್ರೀ?"

ಮರುದಿನ ಸಂಜೆ ಮೂವರೂ ಮನೆ ಮುಟ್ಟಿದರು. ಸಾಲುಮನೆಯವರು ವಿಷಯ ಕೇಳಲು ಬಂದರು. ನಾದಿನಿ ಕತೆಗೆ ಉಪ್ಪು ಖಾರ ಹಚ್ಚಿ ಹೇಳಿದಳು. ಅವಳ ಕತೆಯಲ್ಲಿ ಬೆಂಕಿ ಆಳೆತ್ತರ ಎದ್ದಿತ್ತು.

ಎಲ್ಲರೂ ಹೋದ ಮೇಲೆ ಚಳಿ ಇಳಿಯಿತು. ಅತ್ತೆ ಒಣಗಿದ ಕಂಬಳಿ ಹಿಡಿದು ಬಾಗಿಲಲ್ಲಿ ನಿಂತರು. ಒಂದು ಮೂಲೆ ಇರಲಿಲ್ಲ.

"ಹೊದಿಸಲಾ?"

"ಹೊದಿಸಿ," ಎಂದಳು ಸೊಸೆ. "ಬೆಳಿಗ್ಗೆ ನಾನು ತೆಗೀತೀನಿ."

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಬಾನೆಟ್ ಎತ್ತಿ, ಕಂಬಳಿ ತೆಗೆದು ಮಡಿಚಿಟ್ಟಳು. ಅವತ್ತು ಎಲ್ಲಿಗೂ ಹೋಗುವುದಿರಲಿಲ್ಲ.