ಕೆಡದ ಕಾರು

ಗಾಜಿನ ಪೆಟ್ಟಿಗೆಯೊಳಗೆ ನೀಲಿ ಕಿರಣವೊಂದು ಸದ್ದಿಲ್ಲದೆ ಓಡಾಡುತ್ತಿತ್ತು. ಅದು ಹಾದುಹೋದಲ್ಲೆಲ್ಲ ಬೂದುಬಣ್ಣದ ಲೋಹದ ಪುಡಿ ಕರಗಿ, ಪದರದ ಮೇಲೆ ಪದರ ಕೂತು, ಮುಕ್ಕಾಲು ಗಂಟೆಯಲ್ಲಿ ಕಾರಿನ ನೀರಿನ ಪಂಪೊಂದು ರೂಪುಗೊಂಡಿತು. ಪಕ್ಕದ ತಟ್ಟೆಯಲ್ಲಿ ಅದರ ಮೂಲ ಬಿದ್ದಿತ್ತು, ತುಕ್ಕು ತಿಂದು, ಅಂಚು ಕಳೆದುಕೊಂಡು. ಗುರುಪಾದಪ್ಪ ಮುನವಳ್ಳಿ ಎರಡನ್ನೂ ಕೈಗೆತ್ತಿಕೊಂಡು ತೂಗಿ ನೋಡಿದರು. ಅರವತ್ನಾಲ್ಕು ವರ್ಷದ ಈ ನಿವೃತ್ತ ಗಣಿತದ ಮಾಸ್ತರರು ಯಾವುದನ್ನೂ ಸುಲಭಕ್ಕೆ ನಂಬುವವರಲ್ಲ.

"ಹೊಸಾದಿದ್ದಾಗ ಇದು ಹಿಂಗ ಇತ್ತು ಅಂತ ನಿಮ್ಮ ಯಂತ್ರಕ್ಕ ಹೆಂಗ ಗೊತ್ತಾತ್ರಿ? ಅದೇನು ಆವಾಗ ಹುಟ್ಟಿತ್ತೇನು?"

"ಸವೆತಾನ ಹೇಳ್ತದರೀ," ಎಂದರು ಆ 'ಪೂರ್ವಾಕೃತಿ ಯಂತ್ರ'ವನ್ನು ಕಟ್ಟಿದ ಡಾ. ಮಂದಾಕಿನಿ ಕಾಖಂಡಕಿ. "ಎಲ್ಲಿ ಎಷ್ಟು ಸವದದ ಅಂತ ಅಳದು, ಹಿಂದಕ್ಕ ಲೆಕ್ಕಾ ಹಾಕ್ಕೋತ ಹೋಗ್ತದ."

ಲೋಹದ ಮೇಲಿನ ಪ್ರತಿಯೊಂದು ಗೀರಿಗೂ ದಿಕ್ಕು ಇರುತ್ತದೆ, ಆಳ ಇರುತ್ತದೆ. ಅವನ್ನೆಲ್ಲ ಓದಿ, ತಿಕ್ಕಾಟದಿಂದ ಎಷ್ಟು ಲೋಹ ಹೋಗಿದೆಯೆಂದು ಗಣಿಸಿದರೆ ಆ ಭಾಗ ಕಾರ್ಖಾನೆಯಿಂದ ಹೊರಬಿದ್ದ ದಿನದ ಆಕಾರ ಸಿಗುತ್ತದೆ. ಇದಕ್ಕೆ ಮಂದಾಕಿನಿಯವರು 'ಸವೆತ-ಗಣನೆ' ಎಂದು ಹೆಸರಿಟ್ಟಿದ್ದರು. ಹೊಸ ಭಾಗಕ್ಕೆ ಅವರು ಬಳಸುತ್ತಿದ್ದ ಮಿಶ್ರಲೋಹವೂ ಅವರದೇ ಶೋಧ. ಅದು ಸವೆಯುವುದೇ ಇಲ್ಲ ಎನ್ನುವಷ್ಟು ಗಟ್ಟಿ.

ಧಾರವಾಡದ ಗುರುಪಾದಪ್ಪನವರ ಬಳಿ ಇದ್ದದ್ದು ಒಂದು ಲಿನ್‌ಫೋರ್ಡ್ ಕಾರು, ನೂರು ವರ್ಷಕ್ಕೂ ಹಳೆಯದು. ಪೆಟ್ರೋಲ್ ಗಾಡಿಗಳೆಲ್ಲ ರಸ್ತೆಯಿಂದ ಮರೆಯಾಗಿ, ಇಂಥವು ಭಾನುವಾರ ಮಾತ್ರ ಪರವಾನಗಿ ಹಿಡಿದು ಓಡಾಡುವ ಕಾಲ ಅದು. ಅಂಗಡಿಯಲ್ಲಿ ಬಿಡಿಭಾಗ ಕೇಳಿದರೆ ಹುಡುಗರು ನಗುತ್ತಿದ್ದರು. ಈ ಸೀಮೆಗೆಲ್ಲ ಇದ್ದ ಲಿನ್‌ಫೋರ್ಡ್‌ಗಳು ಎರಡೇ, ಎರಡೂ ಅವರ ತಂದೆಯವು. ವಕೀಲರಾಗಿದ್ದ ತಂದೆ ಒಂದನ್ನು ಓಡಿಸುತ್ತಿದ್ದರು. ಇನ್ನೊಂದು ಓಡುತ್ತಿರಲಿಲ್ಲ, ಅದನ್ನು ಬಿಡಿಭಾಗಕ್ಕೆಂದೇ ಕೊಂಡು ಶೆಡ್ಡಿನಲ್ಲಿ ಇಟ್ಟಿದ್ದರು.

ತಂದೆ ತೀರಿಕೊಂಡ ಮೇಲೆ ಪಾಲು ಮಾಡಲು ಕೂತ ಹಿರಿಯರು ಭಾರೀ ನ್ಯಾಯವಂತರು. ಇಬ್ಬರು ಮಕ್ಕಳು, ಎರಡು ಕಾರು, ಒಬ್ಬೊಬ್ಬರಿಗೆ ಒಂದೊಂದು ಎಂದು ಬರೆದು ಎಲೆ ಅಡಿಕೆ ಹಾಕಿಕೊಂಡು ಎದ್ದುಹೋದರು. ಓಡುವ ಕಾರು ಅಣ್ಣ ಗುರುಪಾದಪ್ಪನಿಗೆ ಬಂತು, ಓಡದ್ದು ಬೈಲಹೊಂಗಲದಲ್ಲಿದ್ದ ತಮ್ಮ ಶಿವಯೋಗಿಗೆ ಹೋಯಿತು. ಒಬ್ಬನ ಕೈಯಲ್ಲಿ ಬಿಡಿಭಾಗವಿಲ್ಲದ ಕಾರು, ಇನ್ನೊಬ್ಬನ ಕೈಯಲ್ಲಿ ಕಾರಿಲ್ಲದ ಬಿಡಿಭಾಗ. ಆ ದಿನ ಅಣ್ಣತಮ್ಮಂದಿರು ಆಡಬಾರದ ಮಾತನ್ನೆಲ್ಲ ಆಡಿ ಮುಗಿಸಿದರು. ಆಮೇಲೆ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗಲಿಲ್ಲ.

ಆದರೆ ಕಾರಿಗೆ ಈ ಜಗಳ ಗೊತ್ತಿರಲಿಲ್ಲ. ಎಂಟೇ ತಿಂಗಳಲ್ಲಿ ಕ್ಲಚ್ ಹೋಯಿತು. ಗುರುಪಾದಪ್ಪ ಅಭಿಮಾನ ನುಂಗಿಕೊಂಡು, ಸವೆದ ಕ್ಲಚ್ ಪ್ಲೇಟನ್ನು ಅರಿವೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬೈಲಹೊಂಗಲಕ್ಕೆ ಹೋದರು. ಶಿವಯೋಗಿ ಏನನ್ನೂ ಕೇಳಲಿಲ್ಲ. ಶೆಡ್ಡಿನ ಬಾಗಿಲು ತೆಗೆದು, ಗಾಡಿಗೆ ಜಾಕು ಕೊಟ್ಟು, ಒಳ್ಳೆಯ ಪ್ಲೇಟು ಬಿಚ್ಚಿದ. ಖಾಲಿ ಬಿಡಬಾರದೆಂದು ಅಣ್ಣ ತಂದ ಸವೆದದ್ದನ್ನೇ ಆ ಜಾಗದಲ್ಲಿ ಕೂರಿಸಿದ. ಅಲ್ಲಿಂದ ಅದೇ ಪದ್ಧತಿಯಾಯಿತು. ವರ್ಷಕ್ಕೆ ಮೂರು ಸಲವೋ ನಾಲ್ಕು ಸಲವೋ, ಹತ್ತೊಂಬತ್ತು ವರ್ಷ. ಇಬ್ಬರೂ ಗಾಡಿಯ ಕೆಳಗೆ ಅಂಗಾತ ಮಲಗಿ, ಒಬ್ಬರು ದೀಪ ಹಿಡಿದರೆ ಇನ್ನೊಬ್ಬರು ಪಾನಾ ತಿರುಗಿಸುತ್ತಿದ್ದರು. ಮಾತೆಲ್ಲ ನಟ್ಟು, ಬೋಲ್ಟು, ಗ್ರೀಸಿನದು. ಶಿವಯೋಗಿಯ ಹೆಂಡತಿ ಗಿರಮಿಟ್ಟು, ಚಹಾ ತಂದಿಟ್ಟರೆ ಮಸಿ ಕೈಯಲ್ಲೇ ತಿಂದು, ಗ್ರೀಸಿನ ಬಗ್ಗೆ ಇನ್ನರ್ಧ ತಾಸು ವಾದ ಮಾಡುತ್ತಿದ್ದರು.

ಮಂದಾಕಿನಿಯವರ ಯಂತ್ರ ಬಂದ ಮೇಲೆ ಗುರುಪಾದಪ್ಪ ಸಂಭ್ರಮದಲ್ಲಿ ಮೈಮರೆತರು. ಪಂಪು, ಗೇರು, ಬೇರಿಂಗು ಎಲ್ಲವನ್ನೂ ಮಾಡಿಸಿ ತಮ್ಮ ಕೈಯಾರೆ ಜೋಡಿಸಿದರು. ಇನ್ನು ಯಾರ ಮುಂದೆಯೂ ಕೈಯೊಡ್ಡಬೇಕಿಲ್ಲ ಎಂದು ಮನೆಯಲ್ಲಿ ಹೇಳಿಕೊಂಡರು. ಗಾಡಿ ಕೆಡುವುದು ನಿಂತಿತು. ನಾಲ್ಕನೆಯ ವರ್ಷದ ಒಂದು ಭಾನುವಾರ ಬಾನೆಟ್ ಎತ್ತಿ ನಿಂತಾಗ, ತಮ್ಮನ ಮುಖ ನೋಡಿ ನಾಲ್ಕು ವರ್ಷವಾಯಿತೆಂದು ಅವರಿಗೆ ಹೊಳೆಯಿತು. ಹೋಗಬಹುದಿತ್ತು, ಆದರೆ ಏನೆಂದು ಹೇಳಿ ಹೋಗುವುದು? ಸುಮ್ಮನೆ ಬಂದೆ ಎನ್ನುವಷ್ಟು ಸಲಿಗೆ ಇಪ್ಪತ್ಮೂರು ವರ್ಷದ ಹಿಂದೆಯೇ ಹೋಗಿತ್ತು. ಯಾವ ಭಾಗ ಮೊದಲು ಕೆಡಬಹುದೆಂದು ಮಂದಾಕಿನಿಯವರನ್ನು ಕೇಳಿದರು. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗದು ಎಂದು ಅವರು ಹೆಮ್ಮೆಯಿಂದ ಹೇಳಿ ಕಳಿಸಿದರು.

ಯಂತ್ರದಲ್ಲಿ ಮಾಡಿಸದೆ ಉಳಿದಿದ್ದು ಒಂದೇ ಒಂದು, ಕಿಟಕಿಯ ಗಾಜು ಏರಿಸುವ ಹಲ್ಲುಗಾಲಿ. ಅದು ಚೆನ್ನಾಗಿಯೇ ಇತ್ತು. ಗುರುಪಾದಪ್ಪ ಅದನ್ನು ಬಿಚ್ಚಿ, ಮೆಟ್ಟಿಲ ಕಲ್ಲಿನ ಮೇಲಿಟ್ಟು, ಸುತ್ತಿಗೆಯಿಂದ ಎರಡು ಏಟು ಹಾಕಿದರು. ಮುರಿದದ್ದನ್ನು ಅರಿವೆಯಲ್ಲಿ ಸುತ್ತಿಕೊಂಡು ಕಾರಿನಲ್ಲೇ ಹೊರಟರು.

ಶಿವಯೋಗಿ ಸೊರಗಿದ್ದ. ಅರಿವೆ ಬಿಚ್ಚಿ, ಹಲ್ಲುಗಾಲಿಯನ್ನು ಬೆಳಕಿಗೆ ಹಿಡಿದು, ಮುರಿದ ಅಂಚಿನ ಮೇಲೆ ಬೆರಳಾಡಿಸಿದ.

"ಅಣ್ಣಾ, ಇದು ಸವದು ಮುರದದ್ದಲ್ಲ. ಬಡದು ಮುರದೀರಿ."

ತಮ್ಮ ಎದ್ದು ಶೆಡ್ಡಿನ ಬಾಗಿಲು ತೆಗೆದ. ಒಳಗೆ ಏನೂ ಇರಲಿಲ್ಲ. ಹೋದ ಶ್ರಾವಣದಲ್ಲಿ ಗಾಡಿಯನ್ನು ಗುಜರಿಯವನಿಗೆ ಕೊಟ್ಟುಬಿಟ್ಟಿದ್ದ.

"ಮೂರ ವರ್ಷ ಹಾದಿ ನೋಡಿದೆ. ಇನ್ನ ನಿಮಗ ನನ್ನ ಕಡಿಂದ ಏನೂ ಬೇಕಾಗಿಲ್ಲ ಅಂತ ತಿಳಕೊಂಡೆ."

ಬೇಕಾಗಿತ್ತು ಎಂದು ಹೇಳಬೇಕಾದ ಹೊತ್ತು ಅದು. ಆದರೆ ನಟ್ಟುಬೋಲ್ಟಿನದಲ್ಲದ ಮಾತನ್ನು ಗುರುಪಾದಪ್ಪ ತಮ್ಮನೊಡನೆ ಆಡಿ ಎಷ್ಟೋ ಕಾಲವಾಗಿತ್ತು.

"ಆ ಗಾಡೀದು ಹಿಂದಿನ ಸ್ಪ್ರಿಂಗ್ ಛಲೋ ಇತ್ತು," ಎಂದರು.

"ಹೌದು. ಛಲೋ ಇತ್ತು," ಎಂದ ಶಿವಯೋಗಿ.

ಆಮೇಲೆ ಗುರುಪಾದಪ್ಪ ಗಾಡಿ ಹತ್ತಿದರು. ಎಲ್ಲಾದರೂ ಕೆಟ್ಟು ನಿಂತರೆ ತಮ್ಮನನ್ನು ಕರೆಯಬಹುದೆಂದು ದಾರಿಯುದ್ದಕ್ಕೂ ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಹೊಂಡ ಕಂಡಲ್ಲೆಲ್ಲ ಬೇಕೆಂದೇ ಇಳಿಸಿ ಓಡಿಸಿದರು. ಧಾರವಾಡ ಬಂತು. ಗಾಡಿ ಎಲ್ಲಿಯೂ ನಿಲ್ಲಲಿಲ್ಲ.