ಹನ್ನೊಂದನೇ ತಪ್ಪು

"ಈ ಮನೆಗೆ ಮಹಡಿಯೇ ಇಲ್ಲ. ಮತ್ತೆ ಈ ಮೆಟ್ಟಿಲು ಎಲ್ಲಿಗೆ ಹೋಗುತ್ತೆ ಸ್ವಾಮಿ?"

ಅವಳು ಮನೆಯ ಚಿತ್ರವಿದ್ದ ಹಾಳೆಯನ್ನು ಅವನ ಮೇಜಿನ ಮೇಲೆ ಬಡಿದಳು.

ಅವನು ತಲೆ ಎತ್ತಲಿಲ್ಲ. "ಅಜ್ಜಿ ಬೈದಾಗ ಅಜ್ಜ ಎಲ್ಲಿಗಾದರೂ ಹೋಗಬೇಕಲ್ಲ ಮೇಡಂ!"

ಸುತ್ತ ಕೂತವರು ಕಿಸಕ್ಕನೆ ನಕ್ಕರು. ಅವಳ ಕಿವಿ ಕೆಂಪಾಯಿತು.

ಅವಳು ಆ ಸ್ಟುಡಿಯೋ ಸೇರಿ ಮೂರೇ ದಿನವಾಗಿತ್ತು. ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಬರುವ 'ಗಡಿಬಿಡಿ ಮನೆ' ಎಂಬ ಕಾರ್ಟೂನ್ ಹಾಸ್ಯ ಧಾರಾವಾಹಿಯಲ್ಲಿ ತಪ್ಪು ಹುಡುಕುವುದೇ ಅವಳ ಕೆಲಸ. ಎಡಗೈಯಲ್ಲಿದ್ದ ಲೋಟ ಮುಂದಿನ ದೃಶ್ಯದಲ್ಲಿ ಬಲಗೈಗೆ ಹಾರಿದರೆ, ಅಜ್ಜನಿಗೆ ಆರನೇ ಬೆರಳು ಮೂಡಿದರೆ, ಪ್ರಸಾರಕ್ಕೆ ಮೊದಲೇ ಹಿಡಿದು ಪಟ್ಟಿ ಮಾಡಬೇಕು. ವಾರ ತುಂಬುವಷ್ಟರಲ್ಲಿ ಎಲ್ಲರೂ ಅವಳಿಗೆ 'ಭೂತಗನ್ನಡಿ' ಎಂದು ಹೆಸರಿಟ್ಟರು.

ಅವನು ಹಿನ್ನೆಲೆ ಚಿತ್ರ ಬರೆಯುವವನು. ಗೋಡೆ, ಕಿಟಕಿ, ಬೀದಿ, ಅಂಗಡಿ ಎಲ್ಲ ಅವನದೇ. ಅವನಿಗೆ ಅವರಿಟ್ಟ ಹೆಸರು 'ಗೋಡೆಯಪ್ಪ'!

ಭೂತಗನ್ನಡಿಗೂ ಗೋಡೆಯಪ್ಪನಿಗೂ ಎರಡು ತಿಂಗಳು ಎಣ್ಣೆ ಸೀಗೆಕಾಯಿ. ಆಮೇಲೊಂದು ದಿನ ಅವನು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳೆಯ ಕಂತುಗಳನ್ನು ತೋರಿಸಿದ.

"ಎಲ್ಲವೂ ತಪ್ಪಲ್ಲ ಮೇಡಂ. ಕೆಲವು ನಾನು ಬೇಕೂಂತಲೇ ಬಚ್ಚಿಟ್ಟಿದ್ದು. ನೋಡಿ..."

ಕ್ಷೌರದಂಗಡಿಯ ಪಟದಲ್ಲಿ ಸ್ಟುಡಿಯೋ ಕಾವಲುಗಾರನ ಮುಖ. ಬಸ್ಸಿನ ಹಿಂದೆ ನಿರ್ದೇಶಕರ ಹಳೇ ಸ್ಕೂಟರಿನ ನಂಬರು. ಸೋಫಾದ ಕೆಳಗೆ ಕ್ಯಾಂಟೀನಿನ ಬೆಕ್ಕಿನ ಬಾಲ.

ಕೊನೆಗೆ, ಈ ವಾರದ ಹೊಸ ಹಾಳೆಯಲ್ಲಿ, ಬಾಗಿಲ ಹೊರಗೆ ಒಂದು ಜೊತೆ ಚಪ್ಪಲಿ. ಒಂದರ ಪಟ್ಟಿ ಕಿತ್ತು ಪಿನ್ನು ಚುಚ್ಚಿತ್ತು.

"ಅಯ್ಯೋ... ಇದು ನಂದು!"

"ಮೂರು ವಾರದಿಂದ ಪಿನ್ನು ಹಾಕ್ಕೊಂಡು ಓಡಾಡ್ತಿದೀರಲ್ಲ. ಬೇರೆಯವರ ತಪ್ಪು ಹುಡುಕೋದರಲ್ಲಿ ನಿಮ್ಮ ಚಪ್ಪಲಿ ಹೊಲಿಸೋಕೆ ಪುರುಸೊತ್ತಿಲ್ಲ."

ಅವಳು ನಕ್ಕಳು. 'ಇಷ್ಟು ಗಮನಿಸ್ತಾನಾ ನನ್ನನ್ನ?'

ಅಂದಿನಿಂದ ಒಂದು ವರ್ಷ... ಒಟ್ಟಿಗೆ ಚಹಾ, ಬಸ್‌ ನಿಲ್ದಾಣದವರೆಗೆ ಒಟ್ಟಿಗೆ ನಡಿಗೆ. ಮನಸ್ಸಿನ ಮಾತನ್ನು ಮಾತ್ರ ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಆದರೆ ಒಂದು ವಿಷಯ ಅವಳ ಕಣ್ಣಿಗೆ ಬಿದ್ದಿತ್ತು. ಪ್ರತಿ ಕಂತಿನಲ್ಲೂ ಎರಡು ಜಡೆಯ ಒಬ್ಬ ಪುಟ್ಟ ಹುಡುಗಿ ಇರುತ್ತಿದ್ದಳು. ಒಮ್ಮೆ ಬಸ್ಸಿನ ಕಿಟಕಿಯಲ್ಲಿ, ಒಮ್ಮೆ ಕ್ಯಾಲೆಂಡರಿನಲ್ಲಿ. ಕಥೆಯಲ್ಲಿ ಅಂಥ ಪಾತ್ರವೇ ಇರಲಿಲ್ಲ. ಅವನು ಎಲ್ಲ ಗುಟ್ಟು ತೋರಿಸಿದ್ದ, ಈ ಒಂದನ್ನು ಬಿಟ್ಟು.

ಒಂದು ಮಧ್ಯಾಹ್ನ ಅವಳು ಮೆಟ್ಟಿಲಿಳಿಯುವಾಗ ಕೆಳಗೆ ಅವನು ಫೋನಿನಲ್ಲಿ ಮಾತಾಡುತ್ತಿದ್ದ. ದನಿ ಬೆಣ್ಣೆಯಾಗಿತ್ತು.

"ಪುಟ್ಟಿ ಈ ವಾರವೂ ಇರ್ತಾಳೆ, ನೀನು ಬೇಜಾರು ಮಾಡ್ಕೋಬೇಡ. ಭಾನುವಾರ ಇಬ್ಬರೂ ಕೂತು ನೋಡೋಣ. ಸರಿಯಾಗಿ ಊಟ ಮಾಡು, ಆಯ್ತಾ?"

ಅವಳು ಮೆಟ್ಟಿಲಲ್ಲೇ ನಿಂತಳು.

'ಹೆಂಡತಿ ಇದಾಳೆ... ಆ ಎರಡು ಜಡೆಯವಳು ಮಗಳು. ಎಂಥಾ ಪೆದ್ದಿ ನಾನು! ಊರಿನವರ ತಪ್ಪೆಲ್ಲ ಹುಡುಕಿದೆ. ಕಣ್ಣೆದುರಿಗಿದ್ದದ್ದೇ ಕಾಣಲಿಲ್ಲ.'

ಕೇಳಬಹುದಿತ್ತು. ಕೇಳಲಿಲ್ಲ. ಮೇಲೆ ಹೋಗಿ ಆ ವಾರದ ಪಟ್ಟಿ ತೆಗೆದಳು. ಅದರಲ್ಲಿ ಹತ್ತು ತಪ್ಪುಗಳಿದ್ದವು. ಹನ್ನೊಂದನೆಯದನ್ನು ಸೇರಿಸಿದಳು: 'ಗೋಡೆಯ ಪಟದಲ್ಲಿ ಸಂಬಂಧವಿಲ್ಲದ ಹುಡುಗಿ. ಅಳಿಸಿ.'

ಪಟ್ಟಿ ನೇರವಾಗಿ ಬಣ್ಣದ ವಿಭಾಗಕ್ಕೆ ಹೋಯಿತು. ಅವರು ಅಳಿಸಿದರು.

ಸೋಮವಾರ ಅವನ ಕುರ್ಚಿ ಖಾಲಿ ಇತ್ತು. ಮಂಗಳವಾರವೂ ಖಾಲಿ. ಬುಧವಾರ ನಿರ್ದೇಶಕರು ಅವಳನ್ನು ಕರೆದರು.

"ಗೋಡೆಯಪ್ಪ ಕೆಲಸ ಬಿಡ್ತೀನಿ ಅಂತ ಬರೆದಿದಾನೆ. ಪಟದಲ್ಲಿದ್ದ ಹುಡುಗಿಯನ್ನ ಅಳಿಸಿದ್ದು ಯಾರು ಅಂತ ಫೋನಲ್ಲಿ ಕೇಳಿದ. ನಿನ್ನ ಪಟ್ಟೀಲಿತ್ತು ಅಂದೆ."

"ಏನಂದ್ರು?"

"'ಅವಳು ನನ್ನ ತಂಗಿ' ಅಂದ ಕಣಮ್ಮ. ಒಂಬತ್ತನೇ ವಯಸ್ಸಿಗೇ ಜ್ವರ ಬಂದು ಹೋಗಿಬಿಟ್ಟಳಂತೆ. ಅವರಮ್ಮ ಭಾನುವಾರ ಟಿವಿ ಹಾಕೋದೇ ಅವಳನ್ನ ಹುಡುಕೋಕಂತೆ. ನನಗೂ ಇವತ್ತೇ ಗೊತ್ತಾಗಿದ್ದು."

ಫೋನಿನಲ್ಲಿ ಅವನು 'ನೀನು' ಎಂದದ್ದು ಹೆತ್ತ ತಾಯಿಗೆ!

ಆ ಮಧ್ಯಾಹ್ನವೇ ಅವನ ಮನೆ ಹುಡುಕಿಕೊಂಡು ಹೋದಳು. ಎರಡನೇ ಮಹಡಿಯ ಎರಡು ಕೋಣೆಯ ಮನೆ. ಬಾಗಿಲು ತೆರೆದ ತಾಯಿಯ ಒಂದು ಕೈ ಗೋಡೆಯನ್ನು ತಡವುತ್ತಿತ್ತು.

"ಯಾರಮ್ಮಾ?"

"ನಾನು... ಸ್ಟುಡಿಯೋದಿಂದ ಬಂದಿದೀನಿ."

ತಾಯಿಯ ಮುಖ ಅರಳಿತು. "ತಪ್ಪು ಹುಡುಕೋ ಹುಡುಗಿನಾ? ಬಾರಮ್ಮ ಒಳಗೆ! ಒಂದು ವರ್ಷದಿಂದ ಊಟಕ್ಕೆ ಕೂತರೆ ನಿನ್ನ ಸುದ್ದೀನೇ. ನೀನು ನಕ್ಕಿದ್ದು, ನೀನು ಬೈದಿದ್ದು... ಅನ್ನ ಆರಿಹೋದರೂ ಅವನ ಮಾತು ಮುಗೀತಿರಲಿಲ್ಲ."

ಅವಳು ಆ ತಾಯಿಯ ಕಾಲ ಬಳಿ ಕೂತಳು.

"ಅಮ್ಮಾ... ಪುಟ್ಟೀನ ಅಳಿಸಿದ್ದು ನಾನೇ. ಅವರಿಗೆ ಮದುವೆಯಾಗಿದೆ ಅಂದ್ಕೊಂಡೆ. ಹೊಟ್ಟೆಕಿಚ್ಚಿಗೆ ಅಳಿಸಿಬಿಟ್ಟೆ."

ತಾಯಿ ಪಕ್ಕಕ್ಕೆ ಮುಖ ತಿರುಗಿಸಿದಳು. ಮೂಲೆಯಲ್ಲಿ ಹೊಲಿಗೆ ಯಂತ್ರ ಬಟ್ಟೆ ಹೊದ್ದು ಕೂತಿತ್ತು.

"ನಾನೂ ಒಂದು ತಪ್ಪು ಮಾಡಿದೀನಿ ಮಗಳೇ. ಎರಡು ವರ್ಷದಿಂದ ನನಗೆ ಕಣ್ಣು ಮಬ್ಬಾಗ್ತಾ ಬಂತು. ಸೂಜಿಗೆ ದಾರ ಪೋಣಿಸೋಕಾಗದೆ ಹೊಲಿಗೆ ಬಿಟ್ಟೆ. ಕಾಲುನೋವು ಅಂತ ಅವನಿಗೆ ಸುಳ್ಳು ಹೇಳಿದೆ. ಟಿವೀಲಿ ಬಣ್ಣ ಓಡಾಡೋದಷ್ಟೇ ಕಾಣ್ತಿತ್ತು. ಆದರೂ ಪ್ರತಿ ಭಾನುವಾರ 'ಸಿಕ್ಕಳು ಕಣೋ' ಅಂತಿದ್ದೆ. ಅವನಿಗೆ ಅಷ್ಟು ಖುಷಿಯಾಗೋದು..."

ಅವಳು ತಲೆ ಎತ್ತಿ ಆ ಕಣ್ಣುಗಳನ್ನು ನೋಡಿದಳು.

"ಮೊನ್ನೆ ಭಾನುವಾರವೂ ಅಂದೆ. 'ಸಿಕ್ಕಳು ಕಣೋ! ಇವತ್ತು ಎಷ್ಟು ಚೆನ್ನಾಗಿ ನಗ್ತಿದಾಳೆ' ಅಂದೆ. ಅವನು ಮಾತೇ ಆಡಲಿಲ್ಲ. ನನ್ನ ಮುಖದ ಮುಂದೆ ಕೈ ಆಡಿಸಿದನೇನೋ... ಆಮೇಲೆ ಮಡಿಲಲ್ಲಿ ತಲೆಯಿಟ್ಟು ಚಿಕ್ಕ ಮಗು ಥರ ಅತ್ತ."

ಅವಳೂ ಅತ್ತಳು. ತಾಯಿ ತಡಕಾಡಿ ಅವಳ ತಲೆ ಹುಡುಕಿ ಸವರಿದಳು.

ಆಗ ಬಾಗಿಲಲ್ಲಿ ಹೆಜ್ಜೆಯ ಸದ್ದಾಯಿತು. ಅವನ ಕೈಯಲ್ಲಿ ಕಣ್ಣಿನ ಔಷಧಿಯ ಚೀಟಿ, ಗಡ್ಡ ಬೆಳೆದ ಮುಖ. ಅವಳನ್ನು ಕಂಡು ಹಾಗೆಯೇ ಹಿಂದಿರುಗಿ ಮೆಟ್ಟಿಲಿಳಿಯತೊಡಗಿದ.

"ನಿಲ್ಲಿ! ದಯವಿಟ್ಟು..." ಅವಳು ಓಡಿಬಂದಳು.

ಅವನು ಕಂಬಿ ಹಿಡಿದು ನಿಂತ, ತಿರುಗಲಿಲ್ಲ. "ಡಾಕ್ಟರು ಹೇಳಿದ್ರು, ಹೋದ ದೃಷ್ಟಿ ಹೋಯ್ತು. ಉಳಿದಿರೋದನ್ನ ಉಳಿಸ್ಕೋಬಹುದು ಅಷ್ಟೇ. ಎರಡು ವರ್ಷ ಒಂದೇ ಮನೇಲಿ ಇದ್ದೆ. ನನಗೆ ಗೊತ್ತೇ ಆಗಲಿಲ್ಲ. ನೀವು ಅಳಿಸದಿದ್ರೆ ಇನ್ನೂ ಗೊತ್ತಾಗ್ತಿರಲಿಲ್ಲ. ಅದಕ್ಕೆ ನಿಮ್ಮನ್ನ ಬೈಯೋಕೂ ಆಗ್ತಿಲ್ಲ, ಕ್ಷಮಿಸೋಕೂ ಆಗ್ತಿಲ್ಲ."

"ಬೈಯಿರಿ. ನಾನು ಪುಟ್ಟೀನ ನಿಮ್ಮಿಂದ ಇನ್ನೊಂದು ಸಲ ಕಿತ್ಕೊಂಡೆ."

ಅವನ ಭುಜ ಅಲುಗಿತು. ಕೊನೆಗೆ ತಿರುಗಿದ. ಕಣ್ಣು ಕೆಂಡವಾಗಿತ್ತು.

"ಒಂದೇ ಒಂದು ಮಾತು ಕೇಳಬಹುದಿತ್ತಲ್ಲ! ಯಾರು ಈ ಹುಡುಗಿ ಅಂತ. ಯಾಕೆ ಕೇಳಲಿಲ್ಲ?"

"ಭಯ ಆಯ್ತು."

"ಏನಕ್ಕೆ?"

"ಮದುವೆ ಆಗಿದೆಯಾ ಅಂತ ಕೇಳಿ, ನೀವು ಹೌದು ಅಂದುಬಿಟ್ಟಿದ್ರೆ... ಆಮೇಲೆ ನಾನು ಹೇಗಿರ್ತಿದ್ದೆ? ನಿಮ್ಮನ್ನ ಪ್ರೀತಿಸ್ತೀನಿ ನಾನು. ಹೇಳೋಕೆ ಇದು ಹೊತ್ತಲ್ಲ ಅಂತ ಗೊತ್ತು. ಆದ್ರೂ ಇನ್ನು ಮುಚ್ಚಿಡಲಾರೆ."

ಕೆಳಗಿನ ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ಅವನು ಮೆಟ್ಟಿಲ ಮೇಲೆ ಕೂತ. ಅವಳು ಎರಡು ಮೆಟ್ಟಿಲು ಮೇಲೆ ಕೂತಳು.

"ಪುಟ್ಟಿ ವಿಷಯ ನಿಂಗೆ ಹೇಳಬೇಕು ಅಂತ ಎಷ್ಟು ಸಲ ಅಂದ್ಕೊಂಡೆ," ಅವನು ನೆಲ ನೋಡುತ್ತ ಹೇಳಿದ. "ಹೇಳಿದ್ರೆ ಅಳು ಬರುತ್ತೆ, ನಿನ್ನ ಮುಂದೆ ಅಳಬಾರದು ಅಂತ ಸುಮ್ಮನಾದೆ."

ಮೊದಲ ಸಲ ಅವನ ಬಾಯಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು. ಅವನಿಗೇ ಅದು ತಿಳಿದಿರಲಿಲ್ಲ. ಅವಳಿಗೆ ತಿಳಿಯಿತು.

"ಈಗ ಅಳ್ತಿದೀರಲ್ಲ."

"ಹೂಂ." ಅವನು ತೋಳಿನಿಂದ ಮುಖ ಒರೆಸಿಕೊಂಡ. "ನನ್ನ ಕೋಪ ಇನ್ನೂ ಹೋಗಿಲ್ಲ."

"ಹೋಗೋವರೆಗೆ ಕಾಯ್ತೀನಿ."

"ಬೇಗ ಹೋಗದಿದ್ರೆ?"

"ಇಟ್ಕೊಂಡೇ ಇರಿ. ಪಕ್ಕದಲ್ಲಿ ನಾನೂ ಇರ್ತೀನಿ."

ಅವನು ಒಂದು ಮೆಟ್ಟಿಲು ಮೇಲೆ ಸರಿದು ಕೂತ. ನಂತರ ಇನ್ನೊಂದು.

"ಅಮ್ಮನ ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಔಷಧಿ ಹಾಕಬೇಕು," ಎಂದ ಮೆಲ್ಲಗೆ. "ನನ್ನ ಕೈ ನಡುಗುತ್ತೆ. ಹಾಕ್ತೀಯಾ?"

"ಹಾಕ್ತೀನಿ."

"ನಾಳೆ?"

"ನಾಳೇನೂ ಬರ್ತೀನಿ. ನಾಡಿದ್ದೂ ಬರ್ತೀನಿ... ನೀವು ಸಾಕು ಅನ್ನೋವರೆಗೂ ಬರ್ತೀನಿ."

ಅವನು ಅವಳ ಅಂಗೈ ತೆಗೆದುಕೊಂಡು ತನ್ನ ಒದ್ದೆ ಕೆನ್ನೆಗೆ ಒತ್ತಿಕೊಂಡ.

"ಅನ್ನೋಲ್ಲ ಕಣೇ..." ಎಂದ. "ಯಾವತ್ತೂ ಅನ್ನೋಲ್ಲ."