ಬ್ರಾಟ್‌ಬಕ್ಕೆನ್ ಗುಡ್ಡದ ಖಾಲಿ ಫೋಲ್ಡರ್

2023ರ ಏಪ್ರಿಲ್ 8, ಶನಿವಾರ. ಬೆಳಿಗ್ಗೆ 8.40.

ಈಸ್ಟರ್ ವಾರದಲ್ಲಿ ವೊಲ್ಲೊಸ್ ಪೊಲೀಸ್ ಠಾಣೆಗೆ ಬರುವ ದೂರುಗಳು ಅಷ್ಟಕ್ಕಷ್ಟೆ. ಗುಡ್ಡದ ಮೇಲಿನ ಕ್ಯಾಬಿನ್ನಿನಲ್ಲಿ ಯಾರೋ ಕುಡಿದು ಕಿಟಕಿ ಒಡೆದಿರುತ್ತಾರೆ, ಇಲ್ಲವೇ ಯಾರದೋ ನಾಯಿ ಹಿಮದಲ್ಲಿ ದಾರಿ ತಪ್ಪಿರುತ್ತದೆ. ಊರಿನ ಮುಕ್ಕಾಲು ಪಾಲು ಜನ ಬುಧವಾರವೇ ಕಾರಿನ ತಲೆಗೆ ಸ್ಕೀ ಕಟ್ಟಿಕೊಂಡು ಹೊರಟುಹೋಗಿರುತ್ತಾರೆ. ನಾರ್ವೆಯಲ್ಲಿ ಈ ಐದು ದಿನ ಯಾರಿಗೆ ಏನಾದರೂ ಬೇಕಾದರೆ ಮಂಗಳವಾರದವರೆಗೆ ಕಾಯಬೇಕು, ಅಷ್ಟೆ.

ಅಂಥ ದಿನ ಭೂಕುಸಿತ ವಿಭಾಗದ ಭೂವಿಜ್ಞಾನಿ ಯೋರುನ್ ಸಾಂಡ್ವಿಕ್ ಮೊಣಕಾಲಿನವರೆಗೆ ಜೇಡಿಮಣ್ಣು ಮೆತ್ತಿಕೊಂಡು ಠಾಣೆಯೊಳಗೆ ಬಂದಳು. ರಾತ್ರಿಯಿಡೀ ನಿದ್ದೆ ಮಾಡಿಲ್ಲವೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಇನ್‌ಸ್ಪೆಕ್ಟರ್ ಗುನ್‌ವೋರ್ ತ್ವೈಟ್ ಕುರ್ಚಿ ತೋರಿಸಿದಳು. ಯೋರುನ್ ಕೂರಲಿಲ್ಲ.

"ಒಂದು ವರದಿ ಕಳುವಾಗಿದೆ."

"ಎಲ್ಲಿಂದ?"

"ಪುರಸಭೆಯ ಕಂಪ್ಯೂಟರಿಂದ. ಬ್ರಾಟ್‌ಬಕ್ಕೆನ್ ಗುಡ್ಡದಲ್ಲಿ ಹಿಂದೆ ನೆಲ ಕೊರೆದು ಪರೀಕ್ಷೆ ಮಾಡಿದ್ರಲ್ಲ, ಅದರ ವರದಿ. ಮಾರ್ಚಲ್ಲಿ ಬೇರೆ ಕೆಲಸಕ್ಕೆ ಬಂದಾಗ ಫೋಲ್ಡರಲ್ಲಿ ಅದರ ಹೆಸರು ಕಣ್ಣಾರೆ ನೋಡಿದ್ದೆ. ಇವತ್ತು ಗುಮಾಸ್ತೆಯನ್ನ ಎಬ್ಬಿಸಿ ತೆರೆಸಿದೆ, ಫೋಲ್ಡರ್ ಇದೆ, ಒಳಗೆ ಏನೂ ಇಲ್ಲ."

"ಬೇರೆ ಪ್ರತಿ?"

"ಕೊರೆದ ಕಂಪನಿ ಮುಚ್ಚಿಹೋಗಿದೆ. ಕಾಗದದ ಪ್ರತಿಯನ್ನ ಪುರಸಭೆಯವರೇ ಸ್ಕ್ಯಾನ್ ಮಾಡಿ ಬಿಸಾಕಿದ್ದಾರೆ. ನಮಗೆ ಕಳಿಸಬೇಕಿತ್ತು, ಕಳಿಸಿಲ್ಲ."

ಆಮೇಲೆ ಯೋರುನ್ ಮುಖ್ಯ ವಿಷಯಕ್ಕೆ ಬಂದಳು. ಗುಡ್ಡದ ಮೇಲೆ ಮೂವತ್ತು ಮೀಟರ್ ಉದ್ದದ ಬಿರುಕು ಬಿಟ್ಟಿದೆ. ಶುಕ್ರವಾರ ಸಂಜೆ ಕುರಿ ಸಾಕುವವನೊಬ್ಬ ಫೋನ್ ಮಾಡಿ ತಿಳಿಸಿದ್ದ. ಕೆಳಗಿನ ಒಂಬತ್ತು ಮನೆಗಳನ್ನು ರಾತ್ರಿಯೇ ಖಾಲಿ ಮಾಡಿಸಿದ್ದಾಯಿತು. ಬಿರುಕಿನಿಂದ ನೂರನಲವತ್ತು ಮೀಟರ್ ಆಚೆ ವೃದ್ಧರ ಆರೈಕೆ ಮನೆ. ಅದರ ಕೆಳಗಿರುವುದು ಒಳ್ಳೆಯ ಮಣ್ಣೋ, ಕಲಕಿದರೆ ಗಂಜಿಯಾಗಿ ಹರಿಯುವ ಆ ಕೆಟ್ಟ ಜೇಡಿಯೋ ಎಂಬುದು ವರದಿಯಲ್ಲಿದೆ. ಒಳಗಿರುವವರು ನಲವತ್ತು ಜನ. ಆರು ಮಂದಿ ಆಮ್ಲಜನಕದ ಮೇಲೆ ಹಾಸಿಗೆ ಹಿಡಿದವರು.

"ಎಲ್ಲರನ್ನೂ ಸಾಗಿಸಿಬಿಡಿ," ಎಂದಳು ಗುನ್‌ವೋರ್.

"ಬೇರೆಯವರನ್ನ ಸಾಗಿಸ್ತಿದ್ದೀವಿ. ಈ ಆರು ಜನಕ್ಕೆ ಡಾಕ್ಟರ್ ಒಪ್ತಿಲ್ಲ. ಆಸ್ಪತ್ರೆ ತೊಂಬತ್ತು ಕಿಲೋಮೀಟರ್, ಘಾಟಿಯಲ್ಲಿ ಹಿಮ. ಆರರಲ್ಲಿ ಇಬ್ಬರು ದಾರಿಯಲ್ಲೇ ಹೋಗಿಬಿಡ್ತಾರೆ, ಅನುಮಾನದ ಮೇಲೆ ನಾನು ಸಹಿ ಹಾಕಲ್ಲ, ಕಾಗದ ತೋರಿಸಿ ಅಂತಾಳೆ. ಹೊಸದಾಗಿ ಕೊರೆಯೋ ಯಂತ್ರ ನಾಳೆ ಸಂಜೆ ಬರುತ್ತೆ. ಅಲ್ಲೀವರೆಗೆ ಗುಡ್ಡ ಸುಮ್ಮನಿರುತ್ತೆ ಅಂತ ನಾನು ಬರೆದುಕೊಡಲಾರೆ."

ಆ ಆರು ಜನರಲ್ಲಿ ಒಬ್ಬ ಸೀವರ್ಟ್ ತ್ವೈಟ್. ಹನ್ನೆರಡನೇ ಕೋಣೆ, ವಯಸ್ಸು ಎಂಬತ್ತಾರು, ಇನ್‌ಸ್ಪೆಕ್ಟರ್ ಗುನ್‌ವೋರಳ ಅಪ್ಪ. ಸಾಗಿಸಿದರೂ ಭಯ, ಬಿಟ್ಟರೂ ಭಯ. ಅವಳು ಎಫ್‌ಐಆರ್ ಬರೆದು, ಕಾನ್‌ಸ್ಟೆಬಲ್ ಓಡ್ಮುಂಡ್‌ನನ್ನು ಕರೆದುಕೊಂಡು 9.05ಕ್ಕೆ ಹೊರಟಳು.

ಪುರಸಭೆಯ ಬಾಗಿಲು ತೆಗೆದವಳು ಗುಮಾಸ್ತೆ ಆಸ್‌ಲೌಗ್. ಇಪ್ಪತ್ತೇಳು ವರ್ಷದ ಸರ್ವೀಸು. ಕೈಯಲ್ಲಿ ಅರ್ಧ ಹೆಣೆದ ಕಾಲುಚೀಲ.

"ಈಸ್ಟರಲ್ಲೂ ಬಿಡಲ್ವಲ್ಲ ನೀವು," ಎನ್ನುತ್ತಲೇ ಕಂಪ್ಯೂಟರ್ ಹಚ್ಚಿಕೊಟ್ಟಳು.

ಓಡ್ಮುಂಡ್ ಕುಳಿತ. ಠಾಣೆಯಲ್ಲಿ ಪ್ರಿಂಟರ್ ಕೆಟ್ಟರೂ ಅವನನ್ನೇ ಕರೆಯುವುದು. ಎಲ್ಲರೂ ಬಳಸುವ ಡಿಸ್ಕ್ ತೆರೆದ. ಎಡಗಡೆ ಹಳದಿ ಫೋಲ್ಡರುಗಳ ಸಾಲು: ಆಡಳಿತ, ಶಾಲೆ, ಆರೋಗ್ಯ, ಕಟ್ಟಡ ಯೋಜನೆ, ಹೀಗೆ ಹದಿನಾಲ್ಕು. ಕಟ್ಟಡ ಯೋಜನೆಯೊಳಗೆ ಬ್ರಾಟ್‌ಬಕ್ಕೆನ್, ಅದರೊಳಗೆ ಕೊರೆತದ ವರದಿ. ಎರಡು ಸಲ ಒತ್ತಿದ. 'ಈ ಫೋಲ್ಡರ್ ಖಾಲಿ ಇದೆ.'

ಒಂದು ಮೆಟ್ಟಿಲು ಹಿಂದೆ ಬಂದು ತಾರೀಖಿನ ಸಾಲು ನೋಡಿದ.

"ಫೋಲ್ಡರ್ ಬದಲಾಗಿದ್ದು ಏಪ್ರಿಲ್ ಐದು, ಬುಧವಾರ. ಮಧ್ಯಾಹ್ನ 2.22."

"ಸುಳ್ಳು," ಎಂದಳು ಆಸ್‌ಲೌಗ್. "ಬುಧವಾರ ಹನ್ನೆರಡಕ್ಕೆ ಮುಚ್ಚಿದ್ವಿ. ಹನ್ನೆರಡೂ ಐದಕ್ಕೆ ಈ ಕಟ್ಟಡದಲ್ಲಿ ನರಪಿಳ್ಳೆ ಇರಲ್ಲ."

"ಒಬ್ಬರು ಇದ್ರು," ಎಂದಳು ಗುನ್‌ವೋರ್. "ಬಾಗಿಲ ಕಾರ್ಡಿನ ದಾಖಲೆ?"

ಅದೂ, ಕಂಪ್ಯೂಟರಿನ ಮೀಸಲು ಪ್ರತಿಯೂ ನಗರದ ಒಂದು ಕಂಪನಿಯ ಸುಪರ್ದಿಯಲ್ಲಿತ್ತು. ಗುನ್‌ವೋರ್ ತುರ್ತು ಸಂಖ್ಯೆಗೆ ಫೋನ್ ಮಾಡಿದಳು. ದೂರು ದಾಖಲಾಗಿದೆ, ಮಂಗಳವಾರ ಗಮನಿಸುತ್ತೇವೆ ಎಂದು ಒಂದು ಯಂತ್ರ ಇಂಪಾದ ದನಿಯಲ್ಲಿ ಹೇಳಿತು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಓಡ್ಮುಂಡ್ ವರದಿಯ ಹೆಸರು ಹಾಕಿ ಹುಡುಕಿಸಿದ. ಹಸಿರು ಪಟ್ಟಿ ತೆವಳಿಕೊಂಡು ಮುಂದೆ ಹೋಗಿ ಹದಿನೇಳು ನಿಮಿಷದ ಮೇಲೆ ಏನೂ ಸಿಗಲಿಲ್ಲ ಎಂದಿತು.

"ಅಳಿಸಿಬಿಟ್ಟಿದ್ರೆ?" ಗುನ್‌ವೋರ್ ಕೇಳಿದಳು.

"ಹಾಗಾದ್ರೆ ಮಂಗಳವಾರವೇ ಗತಿ. ಈ ಡಿಸ್ಕಿಂದ ಅಳಿಸಿದ್ದು ಕಸದ ಬುಟ್ಟಿಗೂ ಹೋಗಲ್ಲ. ಆದ್ರೆ ಹೆಸರು ಬದಲಾಯಿಸಿ ಬೇರೆ ಕಡೆ ಸರಿಸಿದ್ರೆ ದಾರಿ ಇದೆ. ಸರಿಸಿದ ಫೈಲು ತನ್ನ ಹಳೇ ತಾರೀಖನ್ನೇ ಇಟ್ಕೊಳ್ಳುತ್ತೆ, ಅದನ್ನ ನೋಡಿದ್ರೆ ಏನೂ ತಿಳಿಯಲ್ಲ. ಅದನ್ನ ಒಳಗೆ ಸೇರಿಸಿಕೊಂಡ ಫೋಲ್ಡರಿನ ಮೇಲೆ ಮಾತ್ರ ಬುಧವಾರದ ತಾರೀಖು ಬಿದ್ದಿರುತ್ತೆ."

"ಹುಡುಕು ಮತ್ತೆ."

"ಆ ಒಂದರ ಮೇಲೆ ಮಾತ್ರ, ಗುನ್‌ವೋರ್. ಅದರ ಮೇಲಿನ ಫೋಲ್ಡರಿಗೆ ಗೊತ್ತೇ ಆಗಿರಲ್ಲ. ಒಂದೊಂದನ್ನೂ ತೆರೆದು ತಳದವರೆಗೆ ಇಳಿಯಬೇಕು. ಎಷ್ಟಿವೆ ಆಸ್‌ಲೌಗ್?"

"ಯಾರು ಎಣಿಸಿದ್ದಾರೆ? ಹನ್ನೊಂದು ಸಾವಿರ ಅಂತ ಒಂದ್ಸಲ ಹೇಳಿದ್ರು."

ಓಡ್ಮುಂಡ್ ತೋಳು ಮಡಿಸಿದ. ಶಾಲೆ, ಒಳಗೆ ಬಸ್ಸು, ಒಳಗೆ 2015. ಹಿಂದಕ್ಕೆ. 2016. ಹಿಂದಕ್ಕೆ. ಪ್ರತಿ ಸಲವೂ ತಾರೀಖಿನ ಸಾಲಿನ ತಲೆ ಒತ್ತಿ ಹೊಸದನ್ನು ಮೇಲೆ ತರುತ್ತಿದ್ದ. ಮೇಲೆ ಬಂದದ್ದೆಲ್ಲ ಮಾರ್ಚ್, ಫೆಬ್ರವರಿ, ಕಳೆದ ವರ್ಷ. 'ಅಂತಿಮ' ಎಂಬ ಫೋಲ್ಡರು, ಅದರೊಳಗೆ 'ನಿಜವಾಗಿ ಅಂತಿಮ', ಅದರೊಳಗೆ 'ಇದನ್ನು ಬಳಸಬೇಡಿ'. ಸರ್ಕಾರಿ ಜನ ಫೋಲ್ಡರ್ ಮಾಡುವುದರಲ್ಲಿ ತೋರಿಸುವ ಉತ್ಸಾಹವನ್ನು ತೆರೆದು ನೋಡುವುದರಲ್ಲಿ ತೋರಿಸುವುದಿಲ್ಲ.

10.12ಕ್ಕೆ ಯೋರುನ್ ಫೋನ್ ಮಾಡಿದಳು. ಬೆಳಿಗ್ಗೆ ನಾಲ್ಕು ಸೆಂಟಿಮೀಟರ್ ಅಗಲವಿದ್ದ ಬಿರುಕು ಏಳಾಗಿದೆ. "ಸಿಕ್ತಾ?"

"ಇಲ್ಲ."

ಗುನ್‌ವೋರ್ ಕಿಟಕಿಯ ಬಳಿ ಹೋಗಿ ನಿಂತಳು. ಅಲ್ಲಿಂದ ಆರೈಕೆ ಮನೆಯ ಕೆಂಪು ಮಾಡು ಕಾಣುತ್ತಿತ್ತು. ಹನ್ನೊಂದು ಸಾವಿರದಲ್ಲಿ ಇನ್ನೂ ಆರುನೂರು ಮುಗಿದಿರಲಿಲ್ಲ. ಹೀಗೆ ಸಾಲಾಗಿ ಹೋದರೆ ಆಗದು ಎಂದು ಅವಳಿಗೆ ಮನದಟ್ಟಾಯಿತು.

"ಆಸ್‌ಲೌಗ್, ಈ ಆಫೀಸಲ್ಲಿ ಯಾರೂ ತೆರೆಯದ ಫೋಲ್ಡರ್ ಯಾವುದು?"

ಆಸ್‌ಲೌಗ್ ನಕ್ಕಳು. "ಅದೇನು ಕೇಳ್ತೀರಿ. ದುಗ್ನಾದ್ ಪಟ್ಟಿ."

ದುಗ್ನಾದ್ ಎಂದರೆ ವಸಂತದಲ್ಲಿ ಎಲ್ಲರೂ ಸೇರಿ ಕೂಲಿಯಿಲ್ಲದೆ ಮಾಡುವ ಊರಕೆಲಸ. ಅಂಗಳ ಗುಡಿಸಬೇಕು, ಬೇಲಿಗೆ ಬಣ್ಣ ಬಳಿಯಬೇಕು, ಆಮೇಲೆ ವಾಫಲ್ ತಿನ್ನಬೇಕು. ಬೇಡವೆನ್ನುವ ಧೈರ್ಯ ಈ ದೇಶದಲ್ಲಿ ಯಾರಿಗೂ ಇಲ್ಲ.

"ವರ್ಷಾ ವರ್ಷಾ ಮೇಲ್ ಕಳಿಸ್ತೀನಿ, ಪಟ್ಟಿ ಫೋಲ್ಡರಲ್ಲಿದೆ, ನಿಮ್ಮ ಹೆಸರು ನೀವೇ ಬರೀರಿ ಅಂತ. ಎಲ್ಲರೂ 'ಆಗಲಿ' ಅಂತಾರೆ. ಒಬ್ಬರೂ ತೆರೆಯಲ್ಲ. ಕೊನೆಗೆ ನಾನೇ ಎಲ್ಲರ ಹೆಸರೂ ತುಂಬಿಸ್ತೀನಿ. ತಾವಾಗೇ ಬರೆಯೋರು ಅಂದ್ರೆ ನಾನೊಬ್ಬಳು, ಇನ್ನು..."

ಅವಳ ಮಾತು ಅಲ್ಲಿಗೇ ನಿಂತಿತು.

"ಇನ್ನು?"

"ಮೊದಲು ತೆರೆದು ನೋಡಿ," ಎಂದಳು ಆಸ್‌ಲೌಗ್. ಮುಖದ ನಗು ಮಾಯವಾಗಿತ್ತು.

ಓಡ್ಮುಂಡ್ ಇಳಿದ. ಸಿಬ್ಬಂದಿ, ಒಳಗೆ ಕ್ಷೇಮ, ಒಳಗೆ ದುಗ್ನಾದ್. ವರ್ಷಗಳ ಸಾಲು. ತಾರೀಖಿನ ತಲೆ ಒತ್ತಿದ. 2014 ಎಂಬ ಫೋಲ್ಡರ್ ಎಲ್ಲಕ್ಕಿಂತ ಮೇಲೆ ಬಂದು ಕೂತಿತು. ಏಪ್ರಿಲ್ 5, ಮಧ್ಯಾಹ್ನ 2.31.

ಒಂಬತ್ತು ವರ್ಷದ ಹಿಂದಿನ ಊರಕೆಲಸಕ್ಕೆ ಮೂರು ದಿನದ ಹಿಂದಿನ ತಾರೀಖು.

ಒಳಗೆ ಪೊರಕೆಗಳ ಲೆಕ್ಕ, ವಾಫಲ್ ಹಿಟ್ಟಿನ ಅಳತೆ, ಏಳೆಂಟು ಫೋಟೋ. ಕೊನೆಯಲ್ಲಿ ಹೆಸರೇ ಇಡದ ಒಂದು 'ಹೊಸ ಫೋಲ್ಡರ್'. ಅದರೊಳಗೆ 'ವಾಫಲ್ 2' ಎಂಬ ಫೈಲು. ಓಡ್ಮುಂಡ್ ತೆರೆದ. ಅರವತ್ತನಾಲ್ಕು ಪುಟ. ಮೊದಲ ಪುಟದಲ್ಲೇ ಬ್ರಾಟ್‌ಬಕ್ಕೆನ್ ಗುಡ್ಡದ ನಕ್ಷೆ.

"ಇಳಿಸು, ಬೇಗ ಇಳಿಸು," ಎಂದಳು ಗುನ್‌ವೋರ್.

ನಲವತ್ತೊಂದನೇ ಪುಟ. ಏಳು ಮತ್ತು ಎಂಟನೇ ರಂಧ್ರ, ಆರೈಕೆ ಮನೆಯ ಹೊಸ ವಿಭಾಗಕ್ಕೆ ಗೊತ್ತುಮಾಡಿದ ಜಾಗ. ಆರು ಮೀಟರ್ ಆಳದಿಂದ ಹತ್ತೊಂಬತ್ತು ಮೀಟರಿನವರೆಗೆ ಅದೇ ಕೆಟ್ಟ ಜೇಡಿ. ಕಟ್ಟಡ ಕಟ್ಟಬಾರದು ಎಂದು ಬರೆದಿತ್ತು. ಮೂಲೆಯಲ್ಲಿ ಪುರಸಭೆಯ ಸ್ವೀಕೃತಿ ಮುದ್ರೆ, 2012ರ ಮಾರ್ಚ್ 14. ಹೊಸ ವಿಭಾಗಕ್ಕೆ ಅನುಮತಿ ಸಿಕ್ಕಿದ್ದು ಅದೇ ವರ್ಷದ ಮೇ ತಿಂಗಳಲ್ಲಿ.

10.41ಕ್ಕೆ ಪುಟ ಯೋರುನ್‌ಗೂ ಡಾಕ್ಟರಿಗೂ ಹೋಯಿತು. ನಾಲ್ಕು ನಿಮಿಷದಲ್ಲಿ ಡಾಕ್ಟರ್ ಸಹಿ ಹಾಕಿದಳು. ಹಾಸಿಗೆಗಳು ಹೊರಗೆ ಬರತೊಡಗಿದವು.

ಗುನ್‌ವೋರ್ ಪರದೆಯ ಕಡೆ ತಿರುಗಿದಳು. "ಯಾರು ಸರಿಸಿದ್ದು ಅಂತ ಗೊತ್ತಾಗುತ್ತಾ?"

"ಫೈಲಿಂದ ಗೊತ್ತಾಗಲ್ಲ, ಅದು ಹಳೇ ಮಾಲೀಕನನ್ನೇ ತೋರಿಸುತ್ತೆ. ಆದ್ರೆ ಈ ಹೊಸ ಫೋಲ್ಡರ್ ಬುಧವಾರ ಹುಟ್ಟಿದ್ದು. ಇದರ ಮಾಲೀಕ ಇದನ್ನ ಮಾಡಿದವನೇ." ಓಡ್ಮುಂಡ್ ಸಾಲುಗಳ ತಲೆಯ ಮೇಲೆ ಬಲಗುಂಡಿ ಒತ್ತಿ 'ಮಾಲೀಕ' ಎಂಬ ಸಾಲನ್ನು ಸೇರಿಸಿದ. ಹೆಸರು ಮೂಡಿತು. ತೋರ್ಗೈರ್ ಹೌಗ್, ಯೋಜನಾ ವಿಭಾಗದ ಮುಖ್ಯಸ್ಥ.

ಆಸ್‌ಲೌಗ್ ಹೆಣಿಗೆಯನ್ನು ಮಡಿಲಲ್ಲಿ ಬಿಟ್ಟಳು. "ಪಟ್ಟಿಯಲ್ಲಿ ತಾನಾಗೇ ಹೆಸರು ಬರೆಯೋ ಇನ್ನೊಬ್ಬ ಅವನೇ. ಹನ್ನೆರಡು ವರ್ಷದಿಂದ ಒಂದ್ಸಲನೂ ತಪ್ಪಿಸಿಲ್ಲ. ನನಗೆ ಅಳು ಬರ್ತಿದೆ ಗುನ್‌ವೋರ್."

ಆಸ್‌ಲೌಗ್ ಮತ್ತು ಕಟ್ಟಡದ ಕಾವಲುಗಾರ ಪಂಚರಾಗಿ ಪರದೆಯ ಪಂಚನಾಮೆ ಆಯಿತು. ಸಮಯ 11.20.

ತೋರ್ಗೈರ್ ಕ್ಯಾಬಿನ್ನಿಗೆ ಹೋಗಿರಲಿಲ್ಲ. 11.45ಕ್ಕೆ ಬಾಗಿಲು ತಟ್ಟಿದಾಗ ಅವನೇ ತೆಗೆದ. ಅವನೂ ಗುನ್‌ವೋರಳೂ ಒಂದೇ ತರಗತಿಯಲ್ಲಿ ಓದಿದವರು. ಅಡುಗೆಮನೆಯ ಮೇಜಿನ ಬಳಿ ಅವನ ಹೆಂಡತಿ ಬೆರಿತ್ ಕುಳಿತು ಕಿತ್ತಳೆ ಸುಲಿಯುತ್ತಿದ್ದಳು. ಮರೆವಿನ ಕಾಯಿಲೆ, ಎರಡು ವರ್ಷದಿಂದ ಆರೈಕೆ ಮನೆಯಲ್ಲಿದ್ದವಳು. ಗುನ್‌ವೋರಳನ್ನು ನೋಡಿ ಪರಿಚಯವಿಲ್ಲದವಳಂತೆ ನಕ್ಕಳು.

"ಬುಧವಾರ ಆಫೀಸಿಂದ ಎಷ್ಟು ಹೊತ್ತಿಗೆ ಬಂದೆ?"

"ಎಲ್ಲರ ಜೊತೆಗೇ. ಹನ್ನೆರಡಕ್ಕೆ."

"2.22ಕ್ಕೆ ಎಲ್ಲಿದ್ದೆ?"

ಅವನು ಮೇಜಿನ ಮೇಲಿನ ಕಿತ್ತಳೆ ಸಿಪ್ಪೆಗಳನ್ನು ಒಟ್ಟುಮಾಡತೊಡಗಿದ.

"ದುಗ್ನಾದ್ ಫೋಲ್ಡರ್ ತೆರೆದ್ವಿ ತೋರ್ಗೈರ್."

ಅವನು ನಿಧಾನವಾಗಿ ಕುರ್ಚಿ ಎಳೆದು ಕುಳಿತ. "ಓದಿದ್ರಾ?"

"ನಲವತ್ತೊಂದನೇ ಪುಟ ಓದಿದೆ. ನೀನು ಯಾವಾಗ ಓದಿದ್ದು?"

"ಬುಧವಾರ." ಅವನ ದನಿ ಒಡೆದಿತ್ತು. "2012ರಲ್ಲಿ ಮೊದಲ ಎರಡು ಪುಟ ನೋಡಿ ಸಹಿ ಹಾಕಿದ್ದೆ. ಊರಿಗೆಲ್ಲ ಅವಸರ, ಕಟ್ಟಿ ಕಟ್ಟಿ ಅಂತ. ಬುಧವಾರ ಕುರಿಯವನು ಮೊದಲು ನನಗೇ ಫೋನ್ ಮಾಡಿದ, ಬಿರುಕು ಬಿಟ್ಟಿದೆ ಅಂತ. ಹಬ್ಬ ಆದ್ಮೇಲೆ ನೋಡ್ತೀನಿ ಅಂದೆ. ಅಂದ್ಮೇಲೆ ಸಮಾಧಾನಕ್ಕೆ ವರದಿ ತೆರೆದೆ. ಎಲ್ಲರೂ ಹಬ್ಬದ ಶುಭಾಶಯ ಹೇಳಿ ಹೋದ್ರು. ನಾನು ಎರಡು ಗಂಟೆ ಆ ಪುಟದ ಮುಂದೆ ಕೂತಿದ್ದೆ."

"ಯಾಕೆ ಅಳಿಸಲಿಲ್ಲ?"

"ಬೆರಳು ಇಟ್ಟೆ. ಒತ್ತೋಕೆ ಆಗಲಿಲ್ಲ."

"ಯಾಕೆ ಹೇಳಲಿಲ್ಲ?"

"ಅಲ್ಲಿರೋರೆಲ್ಲ ನಮ್ಮೂರೋರೇ. ಯಾರ ಮುಖ ನೋಡಿ ಹೇಳಲಿ? ಮಂಗಳವಾರ ಹೇಳೋಣ, ಅಲ್ಲೀವರೆಗೆ ಏನಾಗುತ್ತೆ ಅಂದ್ಕೊಂಡೆ."

ಗುನ್‌ವೋರ್ ಬೆರಿತ್ ಕಡೆ ನೋಡಿದಳು. "ಇವಳನ್ನ ಯಾವಾಗ ಕರ್ಕೊಂಡು ಬಂದೆ?"

"ಗುರುವಾರ. ಹಬ್ಬಕ್ಕೆ ಅಂತ."

"ಹತ್ತನೇ ಕೋಣೆ ಅಲ್ವಾ? ಹೊಸ ವಿಭಾಗ."

ತೋರ್ಗೈರ್ ತಲೆ ಎತ್ತಲಿಲ್ಲ. "ತಳ್ಳುಕುರ್ಚಿಯಲ್ಲಿ ಕರ್ಕೊಂಡು ಬರ್ತಿದ್ದಾಗ ನಿಮ್ಮಪ್ಪ ತೆರೆದ ಬಾಗಿಲಾಚೆ ಹಾಸಿಗೆಯಿಂದಲೇ ಕೈ ಬೀಸಿದ್ರು. ಎಲ್ಲಿಗೆ ಅಂದ್ರು. ಮನೆಗೆ ಅಂದೆ. ಒಳ್ಳೇದಾಯ್ತು ಬಿಡು ಅಂದ್ರು."

ಗುನ್‌ವೋರ್ ಒಂದು ಕ್ಷಣ ಗೋಡೆಯ ಕಡೆ ತಿರುಗಿ ನಿಂತಳು. ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಬಾರಿಸಲಿಲ್ಲ. "ಜಾಕೆಟ್ ಹಾಕ್ಕೋ," ಎಂದಳು.

ದಸ್ತಗಿರಿಯ ಸಮಯ 12.10. ಬೇರೆಯವರು ಬರುವವರೆಗೆ ಓಡ್ಮುಂಡ್ ಬೆರಿತ್ ಜೊತೆ ಉಳಿದ. ಅವಳು ಅವನಿಗೆ ಕಿತ್ತಳೆಯ ಒಂದು ತೊಳೆ ಕೊಟ್ಟಳಂತೆ.

ಮಧ್ಯಾಹ್ನ 3.50ಕ್ಕೆ ಕೊನೆಯ ಹಾಸಿಗೆ ಹೊರಬಂತು. ಸೀವರ್ಟ್ ತ್ವೈಟ್ ಘಾಟಿಯ ದಾರಿಯನ್ನು ತಡೆದುಕೊಂಡ. ಅವನ ಎದುರು ಕೋಣೆಯ ಮುದುಕಿಯೊಬ್ಬಳು ತಡೆದುಕೊಳ್ಳಲಿಲ್ಲ. ಬುಧವಾರವೇ ಗೊತ್ತಾಗಿದ್ದರೆ ಹೆಲಿಕಾಪ್ಟರ್ ತರಿಸಬಹುದಿತ್ತು, ಆಗಿನ್ನೂ ಆಕಾಶ ತೆರವಾಗಿತ್ತು ಎಂದು ಡಾಕ್ಟರ್ ತನ್ನ ಹೇಳಿಕೆಯಲ್ಲಿ ಬರೆದಳು. ಸೋಮವಾರ ಬೆಳಿಗ್ಗೆ 5.10ಕ್ಕೆ ಗುಡ್ಡ ಜಾರಿತು. ಹೊಸ ವಿಭಾಗ ಪೂರ್ತಿಯಾಗಿ ಹೋಯಿತು. ಒಳಗೆ ಯಾರೂ ಇರಲಿಲ್ಲ.

ಅಂದೇ ಹತ್ತು ಗಂಟೆಗೆ ತೋರ್ಗೈರ್ ತನ್ನ ಹೇಳಿಕೆ ಮುಗಿಸಿದ. ವಕೀಲರು ಬೇಡವೆಂದರೂ ಕೇಳದೆ ಕೊನೆಯ ಸಾಲುಗಳನ್ನು ತಾನೇ ಸೇರಿಸಿದ. 2012ರಲ್ಲಿ ನನಗೆ ಗೊತ್ತಿರಲಿಲ್ಲ. ಬುಧವಾರ ಗೊತ್ತಾಯಿತು. ಗೊತ್ತಾದ ಮೇಲೆ ನಾನು ಒಬ್ಬಳನ್ನು ಮಾತ್ರ ಹೊರಗೆ ಕರೆತಂದೆ.